ಮನೆಯಲ್ಲಿ ಕೂತು ನೋಡುವಾಗ ನಿಮ್ಮನ್ನು ಕೊನೆವರೆಗೂ ಅಲ್ಲಾಡದಂತೆ ಕೂರಿಸಿದ್ದು ಯಾವುದು?

ರಾತ್ರಿಪಾಳಿ

ಇತ್ತೀಚೆಗೆ ಮನೆಯಲ್ಲೇ ಕೂತು ಸಾಕಷ್ಟು ಸಿನಿಮಾ, ಸೀರೀಸ್ ನೋಡಿದೆ. ಶುರು ಮಾಡಿ ಅರ್ಧಕ್ಕೇ ಬಿಟ್ಟವೇ ಜಾಸ್ತಿ. ಥಿಯೇಟರಿನಲ್ಲಾದರೆ ಕತ್ತಲು ಇರುತ್ತದೆ, ಅಕ್ಕಪಕ್ಕ ಜನ ಇರುತ್ತಾರೆ, ನಡುವೆ ಎದ್ದು ಹೋಗಲು ಸಂಕೋಚ. ಮನೆಯಲ್ಲಿ ಅದ್ಯಾವುದೂ ಇಲ್ಲ. ರಿಮೋಟ್ ಕೈಯಲ್ಲಿ, ಫೋನ್ ಪಕ್ಕದಲ್ಲಿ. ಸ್ವಲ್ಪ ಬೇಜಾರಾದರೂ ಕೈ ಫೋನ್ ಕಡೆ ಹೋಗುತ್ತದೆ. ಅಂಥದ್ದರಲ್ಲೂ ಎರಡು ಕಥೆಗಳು ನನ್ನನ್ನು ಬಿಡದೆ ಹಿಡಿದು ಕೂರಿಸಿದವು. ಯಾಕೆ ಅಂತ ಅವತ್ತಿನಿಂದ ಯೋಚಿಸುತ್ತಾ ಇದ್ದೇನೆ.

ಮೊದಲನೆಯದು ‘ಅಡಾಲಸೆನ್ಸ್’. 2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಬ್ರಿಟಿಷ್ ಸೀರೀಸ್. ನಾಲ್ಕೇ ಎಪಿಸೋಡ್. ಒಂದೊಂದು ಎಪಿಸೋಡೂ ಒಂದೇ ಶಾಟ್, ನಡುವೆ ಎಲ್ಲೂ ಕಟ್ ಇಲ್ಲ. ಬೆಳಗಾಗುವ ಹೊತ್ತಿಗೆ ಪೊಲೀಸರು ಬಾಗಿಲು ಒಡೆದು ಒಳಗೆ ನುಗ್ಗುತ್ತಾರೆ. ಸ್ಕೂಲಿನ ಹುಡುಗಿಯೊಬ್ಬಳನ್ನು ಕೊಂದ ಆರೋಪದ ಮೇಲೆ 13 ವರ್ಷದ ಜೇಮಿಯನ್ನು ಹಿಡಿದುಕೊಂಡು ಹೋಗುತ್ತಾರೆ. ಕೊಂದವರು ಯಾರು ಅನ್ನುವುದು ಮೊದಲ ಎಪಿಸೋಡ್ ಮುಗಿಯುವಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಉಳಿಯುವುದು ಯಾಕೆ ಅನ್ನುವ ಪ್ರಶ್ನೆ ಒಂದೇ.

ಮುಂದಿನ ಪ್ಯಾರಾದಲ್ಲಿ ಮೂರನೇ ಎಪಿಸೋಡಿನ ಕಥೆ ಹೇಳಿದ್ದೇನೆ. ಇನ್ನೂ ನೋಡಿಲ್ಲ ಅಂದರೆ ದಯವಿಟ್ಟು ದಾಟಿ ಓದಿ.

ಒಂದು ಕೋಣೆ, ಒಂದು ಮೇಜು. ಈ ಕಡೆ ಜೇಮಿ, ಆ ಕಡೆ ಅವನ ಮನಸ್ಸು ಅರಿಯಲು ಬಂದ ಮನಶ್ಶಾಸ್ತ್ರಜ್ಞೆ. ಅವನಿಗೆ ಅಂತ ಹಾಟ್ ಚಾಕೊಲೇಟ್ ತಂದಿರುತ್ತಾಳೆ, ತನ್ನ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಡುತ್ತಾಳೆ. ಹುಡುಗ ಮೊದಲು ನಗುನಗುತ್ತಾ ಮಾತಾಡುತ್ತಾನೆ. ಇದ್ದಕ್ಕಿದ್ದಂತೆ ಎದ್ದು ಕಿರುಚುತ್ತಾನೆ, ಕಪ್ಪನ್ನು ಬೀಸಿ ಕೆಡವುತ್ತಾನೆ. ಮತ್ತೆ ಮಗುವಾಗುತ್ತಾನೆ. ಕೊನೆಗೆ ಅವನನ್ನು ಎಳೆದುಕೊಂಡು ಹೋಗುವಾಗ ಅವನು ಕೂಗಿ ಕೇಳುವುದು, ನಾನು ನಿಮಗೆ ಇಷ್ಟ ಆದೆನಾ ಅಂತ. ಅವನು ಹೋದ ಮೇಲೆ ಅವಳು ಮೇಜಿನ ಮೇಲೆ ಉಳಿದ ಆ ಕಚ್ಚಿದ ಸ್ಯಾಂಡ್‌ವಿಚ್ ತೆಗೆಯಲು ಕೈ ಚಾಚುತ್ತಾಳೆ. ಮುಟ್ಟಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ. ಇಡೀ ಎಪಿಸೋಡಿನಲ್ಲಿ ಅವಳು ಒಳಗೆ ಅದುಮಿಟ್ಟಿದ್ದ ಭಯ ಆ ಒಂದು ಕೈಯಲ್ಲಿ ಹೊರಗೆ ಬರುತ್ತದೆ. ಜೇಮಿ ಆದ ಓವನ್ ಕೂಪರ್‌ಗೆ ಅದೇ ಮೊದಲ ನಟನೆ. ಇನ್ನೂ ದೊಡ್ಡ ವಿಷಯ ಅಂದರೆ, ಚಿತ್ರೀಕರಣ ಶುರುವಾಗಿದ್ದೇ ಈ ಮೂರನೇ ಎಪಿಸೋಡಿನಿಂದ. ಆ ಹುಡುಗ ಕ್ಯಾಮೆರಾ ಮುಂದೆ ಮೊದಲು ಮಾಡಿದ ಕೆಲಸವೇ ಇದು! ಆಮೇಲೆ 15ನೇ ವಯಸ್ಸಿಗೆ ಎಮ್ಮಿ ಪ್ರಶಸ್ತಿಯೂ ಬಂತು. ಬರಲೇಬೇಕಿತ್ತು.

ಎರಡನೆಯದು ‘ಪರ್ಫೆಕ್ಟ್ ಡೇಸ್’. 2023ರ ಸಿನಿಮಾ, ವಿಮ್ ವೆಂಡರ್ಸ್ ನಿರ್ದೇಶನ. ಟೋಕಿಯೋದಲ್ಲಿ ಸಾರ್ವಜನಿಕ ಶೌಚಾಲಯ ತೊಳೆಯುವ ಒಬ್ಬ ಮನುಷ್ಯನ ದಿನಗಳು, ಅಷ್ಟೇ. ಏಳುತ್ತಾನೆ, ಹಾಸಿಗೆ ಮಡಚುತ್ತಾನೆ, ಗಿಡಗಳಿಗೆ ನೀರು ಚಿಮುಕಿಸುತ್ತಾನೆ, ವ್ಯಾನಿನಲ್ಲಿ ಹಳೆಯ ಕ್ಯಾಸೆಟ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಒಂದು ಶೌಚಾಲಯದ ಸಂದಿಯಲ್ಲಿ ಯಾರೋ ಸಿಕ್ಕಿಸಿಟ್ಟ ಚೀಟಿ ಸಿಗುತ್ತದೆ. ಅದರಲ್ಲಿ ಸೊನ್ನೆ-ಕತ್ತರಿ ಆಟದ ಮನೆ ಬರೆದಿರುತ್ತದೆ, ಒಂದು ಗುರುತೂ ಹಾಕಿರುತ್ತದೆ. ಇವನು ತನ್ನ ಗುರುತು ಹಾಕಿ ಅಲ್ಲೇ ಇಡುತ್ತಾನೆ. ಮಾರನೇ ದಿನ ಆ ಕಡೆಯಿಂದ ಉತ್ತರ ಬಂದಿರುತ್ತದೆ. ಆಟ ಆಡುತ್ತಿರುವವರು ಯಾರು ಅಂತ ಸಿನಿಮಾ ತೋರಿಸುವುದೇ ಇಲ್ಲ. ನನಗೆ ಆ ಚೀಟಿಯಲ್ಲಿ ಇದ್ದ ಕುತೂಹಲ ಎಷ್ಟೋ ಥ್ರಿಲ್ಲರ್‌ಗಳಲ್ಲಿ ಸಿಕ್ಕಿಲ್ಲ. ಕೋಜಿ ಯಾಕುಶೋ ಈ ಪಾತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಸಿನಿಮಾದಲ್ಲಿ ಅವರ ಮಾತುಗಳನ್ನೆಲ್ಲ ಸೇರಿಸಿದರೂ ಒಂದೆರಡು ಪುಟ ತುಂಬುವುದಿಲ್ಲವೇನೋ.

ನಡುವೆ ಬಿಟ್ಟ ಸೀರೀಸ್‌ಗಳ ಹೆಸರು ಹೇಳುವುದಿಲ್ಲ. ಎಲ್ಲದರಲ್ಲೂ ಒಂದೇ ಚಾಳಿ. ಎಪಿಸೋಡ್ ಮುಗಿಯುವಾಗ ಬಾಗಿಲು ತೆರೆಯುತ್ತದೆ, ಯಾರೋ ಗನ್ ಹಿಡಿದು ನಿಂತಿರುತ್ತಾರೆ. ಮುಂದಿನ ಎಪಿಸೋಡಿನ ಎರಡನೇ ನಿಮಿಷಕ್ಕೆ ಅದು ಏನೂ ಅಲ್ಲ ಅಂತ ಆಗುತ್ತದೆ.

ಹಾಗಾಗಿ ನನಗೆ ಅನಿಸುವುದು ಇದು. ತಿರುವು ಎಷ್ಟಿದ್ದರೂ ಮನೆಯಲ್ಲಿ ಕೂತವರನ್ನು ಹಿಡಿಯುವುದು ಒಬ್ಬ ಮನುಷ್ಯನ ಮೇಲೆ ಇಟ್ಟ ಕಣ್ಣು ತೆಗೆಯದ ಕ್ಯಾಮೆರಾ. ಜಾಗ ಚಿಕ್ಕದಾದಷ್ಟೂ ಒಳ್ಳೆಯದು, ಕಥೆ ಬೇಗ ಮುಗಿದಷ್ಟೂ ಒಳ್ಳೆಯದು. ನಿಮಗೂ ಹಾಗೇ ಅನಿಸಿದೆಯಾ? ಅಂಥದ್ದು ಬೇರೆ ಏನಾದರೂ ನೋಡಿದ್ದರೆ ಹೇಳಿ.

ಹಳೇರೀಲು

ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಹಾಗಾದರೆ ನೀವು ‘12 ಆಂಗ್ರಿ ಮೆನ್’ ನೋಡಲೇಬೇಕು. 1957ರ ಕಪ್ಪು-ಬಿಳುಪು ಸಿನಿಮಾ, 96 ನಿಮಿಷ. ಶುರುವಿನ ಮತ್ತು ಕೊನೆಯ ಕೆಲವು ನಿಮಿಷ ಬಿಟ್ಟರೆ ಕಥೆ ನಡೆಯುವುದೆಲ್ಲ ಒಂದು ಕೋಣೆ ಮತ್ತು ಅದಕ್ಕೆ ಅಂಟಿಕೊಂಡ ಬಚ್ಚಲಿನಲ್ಲಿ. ತಂದೆಯನ್ನು ಇರಿದು ಕೊಂದ ಅನ್ನುವ ಆರೋಪ ಹೊತ್ತ ಹುಡುಗನೊಬ್ಬನ ಹಣೆಬರಹ 12 ಜನ ಜ್ಯೂರಿ ಸದಸ್ಯರ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ಕೈಯಲ್ಲಿದೆ. ಮೊದಲ ಮತದಲ್ಲಿ 11 ಜನ ತಪ್ಪಿತಸ್ಥ ಅನ್ನುತ್ತಾರೆ. ಒಬ್ಬ ಮಾತ್ರ ಕೈ ಎತ್ತುವುದಿಲ್ಲ.

ನೀವು ಕ್ಯಾಮೆರಾ ಬಗ್ಗೆ ಬರೆದಿದ್ದೀರಲ್ಲ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ನಿರ್ದೇಶಕ ಸಿಡ್ನಿ ಲುಮೆಟ್‌ಗೆ ಇದು ಮೊದಲ ಸಿನಿಮಾ. ಅವರು ಮಾಡಿದ ಉಪಾಯ ನೋಡಿ. ಶುರುವಿನಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿದೆ. ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಕೊನೆಯ ಭಾಗದಲ್ಲಿ ಅದಕ್ಕಿಂತ ಕೆಳಗೆ. ಜೊತೆಗೆ ಲೆನ್ಸನ್ನೂ ಹಂತ ಹಂತವಾಗಿ ಬದಲಾಯಿಸುತ್ತಾ ಹೋಗಿದ್ದಾರೆ, ಹಿಂದಿನ ಗೋಡೆ ಹತ್ತಿರ ಹತ್ತಿರ ಬಂದಂತೆ ಕಾಣುತ್ತದೆ. ಕೊನೆಕೊನೆಗೆ ತಲೆಯ ಮೇಲಿನ ಛಾವಣಿಯೂ ಕಾಣಲು ಶುರುವಾಗುತ್ತದೆ. ನೋಡುವಾಗ ಇದ್ಯಾವುದೂ ಗೊತ್ತಾಗುವುದಿಲ್ಲ, ಉಸಿರು ಕಟ್ಟಿದಂತೆ ಆಗುವುದು ಮಾತ್ರ ಗೊತ್ತಾಗುತ್ತದೆ. ಎಲ್ಲ ಮುಗಿದು ಹೊರಗೆ ಮೆಟ್ಟಿಲಿಗೆ ಬಂದಾಗ ಅಗಲವಾದ ಶಾಟ್ ಕೊಡುತ್ತಾರೆ. ಆಗ ನಮಗೂ ಉಸಿರು ಬರುತ್ತದೆ.

ಇನ್ನೊಂದು ಮಾತು. ಈ ಕಥೆ ಹುಟ್ಟಿದ್ದೇ ಟಿವಿಗೆ. ರೆಜಿನಾಲ್ಡ್ ರೋಸ್ ಇದನ್ನು ಮೊದಲು ಬರೆದದ್ದು 1954ರಲ್ಲಿ ಪ್ರಸಾರವಾದ ಟಿವಿ ನಾಟಕಕ್ಕೆ. ಮನೆಯ ಚಿಕ್ಕ ಪರದೆಯಲ್ಲಿ ಅದು ಇಷ್ಟು ಚೆನ್ನಾಗಿ ಕೂರುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ನಂಬಿಕೆ. ಅಂದಹಾಗೆ, ನೋಡುವಾಗ ಗೋಡೆಯ ಫ್ಯಾನ್ ಮೇಲೆ ಒಂದು ಕಣ್ಣಿಡಿ.

ಐದನೇಸೀಸನ್

ನಾನು ಒಪ್ಪುವುದಿಲ್ಲ! ಬೇಗ ಮುಗಿದಷ್ಟೂ ಒಳ್ಳೆಯದು ಅನ್ನುವುದು ಈಗ ಎಲ್ಲರ ಬಾಯಲ್ಲೂ ಬರುತ್ತಿದೆ. ಉದ್ದ ಸೀರೀಸ್ ಕೊಡುವುದನ್ನು ನಾಲ್ಕು ಎಪಿಸೋಡ್ ಯಾವತ್ತೂ ಕೊಡಲಾರದು.

ನಾನು ಈಗಷ್ಟೇ ‘ಬ್ರೇಕಿಂಗ್ ಬ್ಯಾಡ್’ ಎರಡನೇ ಸಲ ಮುಗಿಸಿದೆ. 5 ಸೀಸನ್, 62 ಎಪಿಸೋಡ್, 2008ರಿಂದ 2013ರವರೆಗೆ ಬಂದದ್ದು. ನಿಮಗೆ ಒಂದೇ ಕೋಣೆ ಇಷ್ಟ ಅಲ್ವಾ? ಇದರಲ್ಲೂ ಇದೆ. ಮೂರನೇ ಸೀಸನ್ನಿನ ಹತ್ತನೇ ಎಪಿಸೋಡ್, ಹೆಸರು ‘ಫ್ಲೈ’. ಕೆಮಿಸ್ಟ್ರಿ ಮೇಷ್ಟ್ರಾಗಿದ್ದ ವಾಲ್ಟರ್ ಮತ್ತು ಅವನ ಹಳೆಯ ವಿದ್ಯಾರ್ಥಿ ಜೆಸ್ಸಿ, ಮಾದಕ ವಸ್ತು ತಯಾರಿಸುವ ತಮ್ಮ ಲ್ಯಾಬಿನಲ್ಲಿ ಒಂದು ನೊಣದ ಹಿಂದೆ ಬೀಳುತ್ತಾರೆ. ಖರ್ಚು ಉಳಿಸಲು ಹೆಚ್ಚುಕಡಿಮೆ ಇಡೀ ಎಪಿಸೋಡನ್ನು ಒಂದೇ ಸೆಟ್‌ನಲ್ಲಿ ತೆಗೆದರು. ಮೇಲ್ನೋಟಕ್ಕೆ ಏನೂ ನಡೆಯುವುದಿಲ್ಲ. ನೊಣ ಸಾಯುವವರೆಗೆ ಕೆಲಸ ಶುರು ಮಾಡುವುದಿಲ್ಲ ಅಂತ ವಾಲ್ಟರ್ ಹಟ ಹಿಡಿದಿದ್ದಾನೆ. ಅವನು ಮಲಗಲಿ ಅಂತ ಜೆಸ್ಸಿ ಕಾಫಿಯಲ್ಲಿ ನಿದ್ದೆ ಮಾತ್ರೆ ಹಾಕುತ್ತಾನೆ. ಆ ಮಂಪರಿನಲ್ಲಿ ವಾಲ್ಟರ್ ಬಾಯಿಂದ ಒಂದು ಹಳೆಯ ಗುಟ್ಟು ಇನ್ನೇನು ಹೊರಬೀಳಬೇಕು. ಮೇಲೆ ಏಣಿ ಹತ್ತಿ ನಿಂತ ಜೆಸ್ಸಿಗೆ ಅದು ಗೊತ್ತೇ ಇಲ್ಲ, ನಮಗೆ ಗೊತ್ತು. ನನ್ನ ಕೈ ಬೆವರುತ್ತಿತ್ತು.

ಅದು ಆ ಸೀರೀಸಿನ 30ನೇ ಎಪಿಸೋಡ್. ಹಿಂದಿನ 29 ನೋಡದೆ ಸುಮ್ನೆ ಅದೊಂದನ್ನೇ ಹಾಕಿ ನೋಡಿ, ಇಬ್ಬರು ನೊಣ ಓಡಿಸುವುದು ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಕೋಣೆಗೆ ಅಷ್ಟು ಭಾರ ಬಂದದ್ದು ಹಿಂದೆ ಕಳೆದ ಅಷ್ಟೂ ಗಂಟೆಗಳಿಂದ.

ಇನ್ನೊಂದು ವಿಷಯ. ಸೀರೀಸ್ ಮಾಡಿದ ವಿನ್ಸ್ ಗಿಲ್ಲಿಗನ್ ಮೊದಲು ಜೆಸ್ಸಿ ಪಾತ್ರವನ್ನು ಮೊದಲ ಸೀಸನ್ನಿಗೇ ಸಾಯಿಸುವ ಯೋಚನೆಯಲ್ಲಿದ್ದರು. ಆರನ್ ಪಾಲ್ ನಟನೆ ನೋಡಿ ಮನಸ್ಸು ಬದಲಾಯಿಸಿದರು. ಉದ್ದ ಸೀರೀಸ್ ಅಂದರೆ ನಡೆಯುತ್ತಾ ನಡೆಯುತ್ತಾ ದಾರಿ ಕಂಡುಕೊಳ್ಳುವಂಥದ್ದು. ಎಲ್ಲವನ್ನೂ ಮೊದಲೇ ಬರೆದಿಟ್ಟು ನಾಲ್ಕು ಎಪಿಸೋಡಿಗೆ ಮುಗಿಸಿದ್ದರೆ ಜೆಸ್ಸಿ ನಮಗೆ ಸಿಗುತ್ತಲೇ ಇರಲಿಲ್ಲ.

ರಾತ್ರಿಪಾಳಿ

ಐದನೇಸೀಸನ್ ಅವರೇ, ಜೆಸ್ಸಿ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೆ ನೀವು ಹೇಳಿದ್ದರಲ್ಲೇ ನನ್ನ ಮಾತೂ ಇದೆ. ಅಷ್ಟು ಎಪಿಸೋಡುಗಳಲ್ಲಿ ನೀವು ಆರಿಸಿ ಹೇಳಿದ್ದು ಇಬ್ಬರನ್ನು ಒಂದೇ ಕಡೆ ಕೂಡಿಹಾಕಿದ ಎಪಿಸೋಡನ್ನು. ಉದ್ದ ಇರಲಿ, ತಕರಾರಿಲ್ಲ. ನಡುವೆ ಎಲ್ಲಾದರೂ ನಿಂತು ಮನುಷ್ಯರನ್ನು ನೋಡಬೇಕು.

ಐದನೇಸೀಸನ್

ನಿಲ್ಲಬೇಕು ಅಂದರೆ ಮೊದಲು ನಡೆದಿರಬೇಕಲ್ಲ. ಮೊದಲ ಸೀಸನ್ ಏಳೇ ಎಪಿಸೋಡ್, ಆ ಸಮಯದಲ್ಲಿ ನಡೆದ ಬರಹಗಾರರ ಮುಷ್ಕರದಿಂದ ಮೊಟಕಾಯಿತು. ಅಷ್ಟು ನೋಡಿ, ಆಮೇಲೆ ಜಗಳ ಮುಂದುವರಿಸೋಣ.

ತಂತಿಗಂಟು

ಕಥೆ ಬಗ್ಗೆ ನೀವೆಲ್ಲ ಚೆನ್ನಾಗಿ ಬರೆದಿದ್ದೀರಿ. ನನ್ನದು ಬೇರೆ ಕಾಳಜಿ. ಮನೆಯಲ್ಲಿ ಸಿನಿಮಾ ಹಿಡಿಸದೇ ಇರುವುದಕ್ಕೆ ಎಷ್ಟೋ ಸಲ ಕಾರಣ ಸಿನಿಮಾ ಅಲ್ಲವೇ ಅಲ್ಲ, ಟಿವಿ ಸೆಟ್ಟಿಂಗ್. ಇದನ್ನು ಯಾರೂ ಹೇಳಿಕೊಡುವುದಿಲ್ಲ. ನನಗೆ ಇದರ ಬಗ್ಗೆ ನಿಜಕ್ಕೂ ಬೇಸರ ಇದೆ, ಯಾಕೆಂದರೆ ಅಷ್ಟು ಜನ ಕಷ್ಟಪಟ್ಟು ತೆಗೆದದ್ದನ್ನು ನಾವು ಕೆಡಿಸಿಕೊಂಡು ನೋಡುತ್ತಿದ್ದೇವೆ.

ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್. ಟಿವಿ ಪರದೆ ಸೆಕೆಂಡಿಗೆ 60 ಅಥವಾ 120 ಸಲ ಬದಲಾಗುತ್ತದೆ. ಹೊಸ ಟಿವಿಗಳಲ್ಲಿ ಮೋಷನ್ ಸ್ಮೂದಿಂಗ್ ಅಂತ ಒಂದು ಸೌಲಭ್ಯ ಇರುತ್ತದೆ, ಕಂಪನಿಗೊಂದು ಹೆಸರಿನಲ್ಲಿ. ಎರಡು ಫ್ರೇಮ್‌ಗಳ ನಡುವೆ ಟಿವಿ ತಾನೇ ಹೊಸ ಫ್ರೇಮ್ ಹುಟ್ಟಿಸಿ ತುಂಬುತ್ತದೆ. ಕ್ರಿಕೆಟ್ ಮ್ಯಾಚಿಗೆ ಅದು ಚೆನ್ನ. ಸಿನಿಮಾಗೆ ಹಾಕಿದರೆ ನಟರೆಲ್ಲ ಮೇಕಪ್ ಮಾಡಿಕೊಂಡು ಸೆಟ್‌ನಲ್ಲಿ ನಿಂತಿದ್ದಾರೆ ಅನಿಸುತ್ತದೆ. 2018ರಲ್ಲಿ ಟಾಮ್ ಕ್ರೂಸ್ ಒಂದು ವಿಡಿಯೋ ಮಾಡಿ, ದಯವಿಟ್ಟು ಇದನ್ನು ಆಫ್ ಮಾಡಿ ಅಂತ ಜನರನ್ನು ಕೇಳಿಕೊಂಡಿದ್ದರು. ಕೆಲವು ಟಿವಿಗಳಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇದೆ. ಅದನ್ನು ಒತ್ತಿದರೆ ಇವೆಲ್ಲ ಒಟ್ಟಿಗೆ ಆಫ್ ಆಗುತ್ತವೆ. ಮೊದಲ ಸಲ ಚಿತ್ರ ಸ್ವಲ್ಪ ಮಂಕಾಗಿ, ಹಳದಿಯಾಗಿ ಕಾಣಬಹುದು. ಸ್ವಲ್ಪ ಹೊತ್ತು ಬಿಡಿ, ಕಣ್ಣು ಹೊಂದಿಕೊಳ್ಳುತ್ತದೆ.

ಎರಡನೆಯದು ಶಬ್ದ. ಮಾತು ಕೇಳುವುದಿಲ್ಲ ಅಂತ ವಾಲ್ಯೂಮ್ ಏರಿಸುತ್ತೇವೆ. ಅಷ್ಟರಲ್ಲಿ ಸಂಗೀತ ಬಂದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. 5.1 ಧ್ವನಿಯಲ್ಲಿ, ಅಂದರೆ ಐದು ಸ್ಪೀಕರ್ ಜೊತೆಗೆ ಒಂದು ಬೇಸ್ ಸ್ಪೀಕರ್ ಇರುವ ವ್ಯವಸ್ಥೆಯಲ್ಲಿ, ಮಾತು ಬರುವುದು ಬಹುಪಾಲು ನಡುವಿನ ಸ್ಪೀಕರಿನಿಂದ. ನಮ್ಮ ಟಿವಿಯಲ್ಲಿ ಅದು ಇರುವುದೇ ಇಲ್ಲ. ಇರುವ ಎರಡು ಚಿಕ್ಕ ಸ್ಪೀಕರೂ ಎಷ್ಟೋ ಸಲ ಕೆಳಗೆ ಇಲ್ಲವೇ ಹಿಂದಕ್ಕೆ ಮುಖ ಮಾಡಿರುತ್ತವೆ. ಐದು ದಾರಿಯ ಶಬ್ದವನ್ನು ಎರಡಕ್ಕೆ ತುರುಕಿದಾಗ ಮಾತು ಹೂತುಹೋಗುತ್ತದೆ. ಆಪ್‌ನಲ್ಲಿ ಆಡಿಯೋ ಆಯ್ಕೆ ಮಾಡುವ ಕಡೆ 5.1 ಬಿಟ್ಟು ಸ್ಟೀರಿಯೋ ಇಟ್ಟು ನೋಡಿ. ಟಿವಿಯಲ್ಲಿ ನೈಟ್ ಮೋಡ್ ಇದ್ದರೆ ಅದನ್ನು ಹಾಕಿ, ಜೋರು ಶಬ್ದವನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತುತ್ತದೆ. ಒಬ್ಬರೇ ನೋಡುವುದಾದರೆ ಹೆಡ್‌ಫೋನ್‌ಗಿಂತ ಒಳ್ಳೆಯದು ಇಲ್ಲ.

ರಾತ್ರಿಪಾಳಿ ಅವರೇ, ‘ಪರ್ಫೆಕ್ಟ್ ಡೇಸ್’ 4:3 ಅಳತೆಯಲ್ಲಿ ತೆಗೆದ ಸಿನಿಮಾ. ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಪರದೆ ತುಂಬಲಿ ಅಂತ ಜೂಮ್ ಒತ್ತುವವರು ಇದ್ದಾರೆ. ಒತ್ತಿದರೆ ಮೇಲೆ ಮರದ ತುದಿ ಹೋಗುತ್ತದೆ, ಕೆಳಗೆ ಕೈ ಹೋಗುತ್ತದೆ. ಆ ಸಿನಿಮಾದಲ್ಲಿ ನೋಡಬೇಕಾದದ್ದು ಅವೆರಡೇ ಅಲ್ವಾ.

ಕಡಲಂಚು

ತಂತಿಗಂಟು ಅವರು ಹೆಡ್‌ಫೋನ್ ಅಂದಿದ್ದಕ್ಕೆ ‘ಚೆರ್ನೋಬಿಲ್’ ನೆನಪಾಯಿತು. 2019ರ ಸೀರೀಸ್, 5 ಎಪಿಸೋಡ್. 1986ರ ಏಪ್ರಿಲ್ 26ರಂದು ಅಣುಸ್ಥಾವರ ಸ್ಫೋಟವಾದ ಕಥೆ. ಸಂಗೀತ ಕೊಟ್ಟ ಹಿಲ್ಡುರ್ ಗುಡ್ನಾಡೋಟಿರ್ ಲಿಥುವೇನಿಯಾದಲ್ಲಿ ಮುಚ್ಚಿದ ಒಂದು ಅಣುಸ್ಥಾವರಕ್ಕೆ ಹೋಗಿ ಅಲ್ಲಿನ ಶಬ್ದಗಳನ್ನು ಹಿಡಿದು ತಂದು, ಅದರಿಂದಲೇ ಸಂಗೀತ ಕಟ್ಟಿದ್ದಾರೆ. ಹೆಡ್‌ಫೋನ್ ಹಾಕಿ ಕೇಳಿದಾಗ ಅದು ಸಂಗೀತ ಅಂತಲೂ ಅನಿಸುವುದಿಲ್ಲ, ಕಟ್ಟಡವೇ ಒಳಗಿಂದ ನರಳಿದ ಹಾಗಿರುತ್ತದೆ.

ಒಂದೇ ಶಾಟ್ ಇಷ್ಟಪಡುವವರು ನಾಲ್ಕನೇ ಎಪಿಸೋಡಿನ ಛಾವಣಿ ದೃಶ್ಯ ನೋಡಬೇಕು. ಛಾವಣಿಯ ಮೇಲೆ ಬಿದ್ದ ಗ್ರಾಫೈಟ್ ತುಂಡುಗಳನ್ನು ಸಲಿಕೆಯಿಂದ ಎತ್ತಿ ಅಂಚಿನಾಚೆ ಎಸೆಯಬೇಕು. ವಿಕಿರಣ ಎಷ್ಟು ಅಂದರೆ ಒಬ್ಬ ಮನುಷ್ಯ ಅಲ್ಲಿ 90 ಸೆಕೆಂಡ್ ಮಾತ್ರ ಇರಬಹುದು. ದೃಶ್ಯವೂ ಸುಮಾರು ಅಷ್ಟೇ ಹೊತ್ತು, ಕಟ್ ಇಲ್ಲದೆ. ಅಳತೆಯ ಯಂತ್ರ ಕಿರ್ರೆನ್ನುತ್ತಲೇ ಇರುತ್ತದೆ. ಸೈನಿಕನೊಬ್ಬ ಎಡವುತ್ತಾನೆ, ಕಾಲು ಸಿಕ್ಕಿಕೊಳ್ಳುತ್ತದೆ. ಹೇಗೋ ಬಿಡಿಸಿಕೊಂಡು ಒಳಗೆ ಬಂದು ಕೆಳಗೆ ನೋಡಿದರೆ ಬೂಟು ಹರಿದಿದೆ. 90 ಸೆಕೆಂಡ್ ಎಷ್ಟು ಉದ್ದ ಅಂತ ನನಗೆ ಅವತ್ತು ಗೊತ್ತಾಯಿತು.

ಆದರೆ ಒಂದು ತಕರಾರು ಇದೆ. ಕೊನೆಯ ಎಪಿಸೋಡಿನಲ್ಲಿ ವಿಜ್ಞಾನಿ ಲೆಗಾಸೋವ್ ಕೋರ್ಟಿನಲ್ಲಿ ಕೆಂಪು, ನೀಲಿ ಹಲಗೆಗಳನ್ನು ಸಿಕ್ಕಿಸುತ್ತಾ ಸ್ಫೋಟ ಹೇಗಾಯಿತು ಅಂತ ವಿವರಿಸುತ್ತಾರೆ. ವಿಜ್ಞಾನವನ್ನು ಅಷ್ಟು ತಿಳಿಯಾಗಿ ಹೇಳಿದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ನಿಜದಲ್ಲಿ ಲೆಗಾಸೋವ್ ಆ ವಿಚಾರಣೆಗೆ ಹೋಗಿಯೇ ಇರಲಿಲ್ಲ. ಉಲಾನಾ ಖೋಮ್ಯುಕ್ ಅನ್ನುವ ವಿಜ್ಞಾನಿಯೂ ಕಲ್ಪನೆ. ಲೆಗಾಸೋವ್ ಜೊತೆ ದುಡಿದ ಅನೇಕ ವಿಜ್ಞಾನಿಗಳನ್ನು ಸೇರಿಸಿ ಮಾಡಿದ ಪಾತ್ರ ಅಂತ ಕೊನೆಯಲ್ಲಿ ಅವರೇ ಪರದೆಯ ಮೇಲೆ ಬರೆದಿದ್ದಾರೆ. ಈ ಪಾತ್ರ ಒಪ್ಪುತ್ತೇನೆ, ಯಾಕೆಂದರೆ ಹೇಳಿ ಮಾಡಿದ್ದಾರೆ. ಕೋರ್ಟಿನ ವಿಷಯ ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ಸುಳ್ಳಿಗೆ ತೆರಬೇಕಾದ ಬೆಲೆ ಏನು ಅಂತ ಕೇಳುವ ಸೀರೀಸ್ ಇದು. ಬೇರೆ ಕಥೆಗೆ ಕೊಡುವಷ್ಟು ಸಲಿಗೆ ಇದಕ್ಕೆ ಕೊಡಲು ನನಗೆ ಆಗುವುದಿಲ್ಲ.

ಹಳೇರೀಲು

ಕಡಲಂಚು ಅವರೇ, ನನಗೆ ಅದು ತೊಂದರೆ ಅನಿಸಲಿಲ್ಲ. ಎಲ್ಲರನ್ನೂ ಒಂದು ಕೋಣೆಗೆ ತಂದು ಕೂರಿಸಿದ್ದರಿಂದಲೇ ನಮಗೆ ಅರ್ಥ ಆಯಿತು. ಬಿಡಿಬಿಡಿಯಾಗಿ, ಬೇರೆ ಬೇರೆ ಸಭೆಗಳಲ್ಲಿ ತೋರಿಸಿದ್ದರೆ ಯಾರಿಗೂ ತಲೆಗೆ ಹತ್ತುತ್ತಿರಲಿಲ್ಲ.

ಬಿಳೀಪರದೆ

ಎಲ್ಲರೂ ಹೊರಗಿನದ್ದೇ ಹೇಳುತ್ತಿದ್ದೀರಿ. ‘ತಿಥಿ’ ಮನೆಯಲ್ಲಿ ಮತ್ತೆ ನೋಡಿ. ರಾಮ್ ರೆಡ್ಡಿ ನಿರ್ದೇಶನ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದದ್ದು. ನಟಿಸಿದವರು ಹಳ್ಳಿಯ ಜನ, ವೃತ್ತಿ ನಟರಲ್ಲ. ಒಂದೇ ಮನೆಯ ತಲೆಮಾರುಗಳ ಗಂಡಸರು, ಒಬ್ಬೊಬ್ಬರಿಗೂ ಒಂದೊಂದು ಆಸೆ. ಗಡ್ಡಪ್ಪನಿಗೆ ಮಾತ್ರ ಯಾವ ಆಸೆಯೂ ಇಲ್ಲ, ಸುಮ್ನೆ ನಡೆಯುತ್ತಾ ಇರುತ್ತಾನೆ. ಅವನು ನಡೆಯುವುದನ್ನೇ ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಕ್ಯಾಮೆರಾ ಅವನನ್ನು ಅವಸರ ಮಾಡುವುದಿಲ್ಲ. ನೀವು ಕೇಳಿದ್ದು ಇದನ್ನೇ ಅಂದುಕೊಂಡೆ. ಇದಕ್ಕೆ ಕೋಣೆಯೇ ಬೇಕಿಲ್ಲ, ಬಯಲಿನಲ್ಲೂ ಆಗುತ್ತದೆ.

ರಾತ್ರಿಪಾಳಿ

ಎಲ್ಲರಿಗೂ ಥ್ಯಾಂಕ್ಸ್. ತಂತಿಗಂಟು ಅವರು ಹೇಳಿದಂತೆ ಟಿವಿಯಲ್ಲಿ ಸ್ಮೂದಿಂಗ್ ಆಫ್ ಮಾಡಿ, ಸ್ಟೀರಿಯೋ ಇಟ್ಟು, ನಿನ್ನೆ ‘12 ಆಂಗ್ರಿ ಮೆನ್’ ನೋಡಿದೆ. ಒಂದು ಸಲವೂ ನಿಲ್ಲಿಸಲಿಲ್ಲ.

ಹಳೇರೀಲು ಅವರೇ, ಫ್ಯಾನ್ ನೋಡಿದೆ! ಶುರುವಿನಲ್ಲಿ ಸ್ವಿಚ್ ಒತ್ತಿದರೂ ತಿರುಗುವುದಿಲ್ಲ. ಎಲ್ಲರೂ ಬೆವರುತ್ತಾ, ಅಂಗಿ ಒದ್ದೆ ಮಾಡಿಕೊಂಡು ಕೂತಿರುತ್ತಾರೆ. ಮಳೆ ಬಂದು ಕತ್ತಲಾಗಿ ಲೈಟ್ ಹಾಕಿದಾಗಲೇ ಗೊತ್ತಾಗುವುದು, ಫ್ಯಾನ್ ಇರುವುದು ಅದೇ ಸ್ವಿಚ್‌ನಲ್ಲಿ ಅಂತ. ಅಷ್ಟು ಹೊತ್ತಿಗೆ ಮತಗಳೂ ಸಮಸಮ ಆಗಿ ವಾದದ ದಿಕ್ಕೇ ಬದಲಾಗಿರುತ್ತದೆ. ಯಾರೂ ಅದರ ಬಗ್ಗೆ ದೊಡ್ಡ ಮಾತು ಆಡುವುದಿಲ್ಲ. ನನಗೆ ಇನ್ನೂ ಹಿಡಿಸಿದ್ದು ಕನ್ನಡಕದ ಗುರುತು. ಒಬ್ಬ ಸದಸ್ಯ ಕನ್ನಡಕ ತೆಗೆದು ಮೂಗು ಉಜ್ಜಿಕೊಳ್ಳುತ್ತಾನೆ. ಅದನ್ನು ನೋಡಿದ ಮುದುಕನಿಗೆ ಸಾಕ್ಷಿ ಹೇಳಿದ ಹೆಂಗಸಿನ ಮೂಗಿನ ಮೇಲೂ ಅದೇ ಗುರುತು ಇದ್ದದ್ದು ನೆನಪಾಗುತ್ತದೆ. ಒಬ್ಬರ ಮುಖವನ್ನು ಸರಿಯಾಗಿ ನೋಡಿದ್ದರಿಂದ ಒಂದು ಜೀವ ಉಳಿಯುತ್ತದೆ. ನಾನು ಹೇಳಲು ಒದ್ದಾಡುತ್ತಿದ್ದದ್ದು ಇದನ್ನೇ.

ಕಡಲಂಚು ಅವರೇ, ಚೆರ್ನೋಬಿಲ್ ವಿಷಯದಲ್ಲಿ ನಾನು ನಿಮ್ಮ ಕಡೆ. ಖೋಮ್ಯುಕ್ ಬಗ್ಗೆ ಬರೆದ ಆ ಒಂದು ಸಾಲಿನ ಜೊತೆಗೆ, ಲೆಗಾಸೋವ್ ವಿಚಾರಣೆಯಲ್ಲಿ ಇರಲಿಲ್ಲ ಅಂತ ಇನ್ನೊಂದು ಸಾಲು ಹಾಕಿದ್ದರೆ ಸೀರೀಸಿಗೆ ಏನೂ ನಷ್ಟ ಆಗುತ್ತಿರಲಿಲ್ಲ.

ಬಿಳೀಪರದೆ ಅವರು ಹೇಳಿದ ಮೇಲೆ ಚಿಕ್ಕ ಜಾಗ ಅನ್ನುವ ಮಾತನ್ನು ನಾನು ಅಷ್ಟು ಜೋರಾಗಿ ಹೇಳುವುದಿಲ್ಲ. ‘ತಿಥಿ’ ಶನಿವಾರಕ್ಕೆ ಇಟ್ಟುಕೊಂಡಿದ್ದೇನೆ. ಐದನೇಸೀಸನ್ ಅವರ ಏಳು ಎಪಿಸೋಡ್ ಅದಾದ ಮೇಲೆ, ಜಗಳಕ್ಕೆ ತಯಾರಾಗಿಯೇ ಬರುತ್ತೇನೆ. ಅಷ್ಟರಲ್ಲಿ ಕನ್ನಡದಲ್ಲಿ ಇಬ್ಬರೇ ಕೂತು ಮಾತಾಡುವಂಥ ಸಿನಿಮಾ ಅಥವಾ ಸೀರೀಸ್ ಯಾರಿಗಾದರೂ ಗೊತ್ತಿದ್ದರೆ ಇಲ್ಲೇ ಕೆಳಗೆ ಹಾಕಿ.